ಪಾಸ್‌ಬುಕ್ಕಿನಲ್ಲಿ ಮಗಳ ಹೆಸರು

ಇಂದಿರಾಪುರಂನ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಏಳೆಂಟು ಇರಬಹುದು. ನಾನು ಬ್ಯಾಂಕಿನಿಂದ ರಿಟೈರ್ ಆದವನು ಅಂತ ಗೊತ್ತಾದ ಮೇಲೆ ಭಾನುವಾರದ ಕಾಫಿ ಹೊತ್ತಿಗೆ ಯಾರಾದರೂ ಒಬ್ಬರು ಪಾಸ್‌ಬುಕ್ ಹಿಡಿದುಕೊಂಡು ಬಂದೇ ಬರುತ್ತಾರೆ. ಈಚೆಗೆ ಬಂದದ್ದು ದಾವಣಗೆರೆ ಕಡೆಯ ಗಂಡ ಹೆಂಡತಿ. ಅವನಿಗೆ ನೋಯ್ಡಾ ಸೆಕ್ಟರ್ 62ರಲ್ಲಿ ಸಾಫ್ಟ್‌ವೇರ್ ಕೆಲಸ, ಕಂಪನಿ ಮೂರು ವರ್ಷಕ್ಕೆ ಟೋಕಿಯೋಗೆ ಕಳಿಸುತ್ತಿದೆ. ಮಗಳಿಗೆ ಆರು, ಮಗನಿಗೆ ಎರಡು.

"ಅಂಕಲ್, ಜಪಾನಲ್ಲಿ ಮಕ್ಕಳ ಹೆಸರಲ್ಲಿ ಟ್ಯಾಕ್ಸ್ ಇಲ್ಲದ ಅಕೌಂಟ್ ಇದೆಯಂತೆ. ಇಲ್ಲಿನದನ್ನ ಕ್ಲೋಸ್ ಮಾಡಿ ಅಲ್ಲೇ ಶುರು ಮಾಡೋಣ ಅಂತಿದೀವಿ" ಅಂದ.

ಅವನು ಕೇಳಿದ್ದು ಜೂನಿಯರ್ ನೀಸಾ ಎಂಬ ಖಾತೆಯ ಸುದ್ದಿ. 2016ರಲ್ಲಿ ಶುರುವಾಗಿತ್ತು. ವರ್ಷಕ್ಕೆ 8 ಲಕ್ಷ ಯೆನ್‌ವರೆಗೆ ಮಗುವಿನ ಹೆಸರಲ್ಲಿ ಷೇರಿಗೋ ಫಂಡಿಗೋ ಹಾಕಬಹುದಿತ್ತು, ಲಾಭಕ್ಕೆ ತೆರಿಗೆ ಇರಲಿಲ್ಲ. ಆದರೆ ಮಗುವಿಗೆ 18 ಆಗುವ ತನಕ ಕೈ ಹಾಕುವಂತಿಲ್ಲ ಎಂಬ ಕಟ್ಟು ಇತ್ತು. 2023ರ ಕೊನೆಗೆ ಅದರಲ್ಲಿ ಹೊಸ ಹೂಡಿಕೆ ನಿಂತಿತು. 2024ರಲ್ಲಿ ಬಂದ ಹೊಸ ನೀಸಾ 18 ತುಂಬಿದವರಿಗೆ. ಮಕ್ಕಳಿಗೂ ಮತ್ತೆ ತೆರೆಯುವ ಮಾತು ಅಲ್ಲಿ ನಡೆದಿದೆ, ಹೋದ ಮೇಲೆ ವಿಚಾರಿಸಿಕೊಳ್ಳಲಿ. ಜಪಾನಿನಲ್ಲಿ ನೆಲೆಸಿದ್ದರೆ ಸಾಕು, ನೀಸಾಕ್ಕೆ ಆ ದೇಶದ ಪೌರನೇ ಆಗಿರಬೇಕೆಂದಿಲ್ಲ. ಹಾಗಾಗಿ ಅಪ್ಪ ಅಮ್ಮ ತಮ್ಮ ಹೆಸರಲ್ಲೇ ತೆರೆದು ಮಕ್ಕಳಿಗೆಂದು ಕೂಡಿಡಬಹುದು. ಮೂರು ವರ್ಷಕ್ಕೆ ಹೋಗಿ ಬರುವವರಿಗೆ ಅದರ ಗೋಜು ಬೇಕೇ ಎನ್ನುವುದು ನನ್ನ ಅನುಮಾನ.

ಅದಕ್ಕಿಂತ ಮೊದಲು ಅವರು ತಂದಿದ್ದ ಪಾಸ್‌ಬುಕ್ ನೋಡೋಣ ಅಂದೆ. ಮಗಳ ಸುಕನ್ಯಾ ಸಮೃದ್ಧಿ ಖಾತೆ, ಅಮ್ಮನೇ ಗಾರ್ಡಿಯನ್. ತಿಂಗಳಿಗೆ ಐದು ಸಾವಿರ ತಪ್ಪದೆ ಕಟ್ಟಿದ್ದಾರೆ. ಆದರೆ ತಾರೀಖು ನೋಡಿದರೆ 9, 11, 8, 10. ಸಂಬಳ ಬಂದು, ಬಾಡಿಗೆ, ಸ್ಕೂಲ್ ಬಸ್ಸಿನ ದುಡ್ಡು ಎಲ್ಲ ಮುಗಿದ ಮೇಲೆ ಇದರ ಸರದಿ. ಈ ಖಾತೆಯಲ್ಲಿ ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇರುವ ಅತಿ ಕಡಿಮೆ ಬ್ಯಾಲೆನ್ಸಿಗೆ ಬಡ್ಡಿ. 6ಕ್ಕೆ ಕಟ್ಟಿದ ಕಂತಿಗೆ ಆ ತಿಂಗಳು ಏನೂ ಸಿಗುವುದಿಲ್ಲ. "ಅಯ್ಯೋ, ಯಾರೂ ಹೇಳಲೇ ಇಲ್ಲ" ಅಂದಳು ಆಕೆ. ಕೌಂಟರಿನಲ್ಲಿ ಮೂವತ್ತು ವರ್ಷ ಕೂತ ನಾನೂ ಎಷ್ಟು ಜನಕ್ಕೆ ಹೇಳಿದ್ದೆನೋ! ಕೈಯಲ್ಲಿ ದುಡ್ಡಿದ್ದವರು ವರ್ಷದ್ದೆಲ್ಲ ಏಪ್ರಿಲ್ 5ರೊಳಗೆ ಹಾಕಿಬಿಡುವುದು ಒಳ್ಳೆಯದು.

ಸುಕನ್ಯಾ ಯೋಜನೆ ಶುರುವಾದದ್ದು 2015ರ ಜನವರಿ 22ರಂದು, ನಮ್ಮಿಂದ ದೂರವೇನಲ್ಲದ ಪಾಣಿಪತ್ತಿನಲ್ಲಿ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಹದಿನೈದು ವರ್ಷ ಕಟ್ಟಬೇಕು, 21 ವರ್ಷಕ್ಕೆ ಕೈಗೆ ಬರುತ್ತದೆ. ಈ 21 ಮಗಳ ವಯಸ್ಸಲ್ಲ, ಖಾತೆಯ ವಯಸ್ಸು. ನಾಲ್ಕು ವರ್ಷದ ಮಗುವಿಗೆ ತೆರೆದರೆ ಆಕೆಗೆ 25 ಆದಾಗ ಮುಗಿಯುತ್ತದೆ. ಓದಿಗೆ ಬೇಕೆಂದರೆ ಹತ್ತನೇ ಕ್ಲಾಸ್ ಪಾಸಾದ ಮೇಲೋ 18 ತುಂಬಿದ ಮೇಲೋ ಅರ್ಧದವರೆಗೆ ತೆಗೆಯಬಹುದು. 2024ರ ಜನವರಿಯಲ್ಲಿ ಬಡ್ಡಿ 8.2ಕ್ಕೆ ಏರಿತು, ಮೂರು ತಿಂಗಳಿಗೊಮ್ಮೆ ಸರ್ಕಾರ ದರ ಪ್ರಕಟಿಸುತ್ತದೆ. ಆ ದರ ಪೂರ್ತಿ ಉಳಿದರೆ ವರ್ಷಾರಂಭದಲ್ಲಿ ಒಂದೂವರೆ ಲಕ್ಷದಂತೆ ಕಟ್ಟಿದ 22.5 ಲಕ್ಷ ಕೊನೆಗೆ ಸುಮಾರು 71.8 ಲಕ್ಷ ಆಗುತ್ತದೆ. ಬಡ್ಡಿಗೂ ತೆರಿಗೆ ಇಲ್ಲ, ಕೊನೆಗೆ ಬರುವ ಗಂಟಿಗೂ ಇಲ್ಲ. ಕಟ್ಟಿದ್ದಕ್ಕೆ 80ಸಿ ವಿನಾಯಿತಿ ಮಾತ್ರ ಹಳೇ ತೆರಿಗೆ ಪದ್ಧತಿಯವರಿಗೆ.

ತೆರೆಯುವ ದಿನ ಮಗಳಿಗೆ ಹತ್ತು ತುಂಬಿರಬಾರದು. ಒಬ್ಬ ತಂದೆ ಒಂದು ಸೋಮವಾರ ಬೆಳಿಗ್ಗೆ ಮಗಳ ಜನನ ಪ್ರಮಾಣಪತ್ರ, ಆಧಾರ್, ಫೋಟೋ ಎಲ್ಲ ಜೋಡಿಸಿಕೊಂಡು ನನ್ನ ಟೇಬಲ್ಲಿಗೆ ಬಂದಿದ್ದರು. ಹಿಂದಿನ ಶನಿವಾರ ಹುಡುಗಿಗೆ ಹತ್ತು ತುಂಬಿತ್ತು. ಕೇಕ್ ಕತ್ತರಿಸಿದ ಫೋಟೋವನ್ನೂ ಮೊಬೈಲಿನಲ್ಲಿ ತೋರಿಸಿದರು, ಪಾಪ. ನನ್ನ ಕೈಲಿ ಏನೂ ಮಾಡಲಾಗಲಿಲ್ಲ.

ಇನ್ನು ಮಗನ ವಿಷಯ. ದಾವಣಗೆರೆಯ ತಾತ ಮೊಮ್ಮಗನ ಹೆಸರಲ್ಲಿ ಐದು ಲಕ್ಷ ಎಫ್‌ಡಿ ಇಟ್ಟಿದ್ದಾರೆ. "ಮಗುವಿನ ಹೆಸರಲ್ಲಿದೆಯಲ್ಲ, ಟ್ಯಾಕ್ಸ್ ಇಲ್ಲ" ಎನ್ನುವುದು ಮನೆಯವರೆಲ್ಲರ ನಂಬಿಕೆ. ನಾನು ಅತಿ ಹೆಚ್ಚು ಸಲ ಕೇಳಿರುವ ತಪ್ಪು ಮಾತು ಇದೇ. ತಾತ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ ಎನ್ನುವುದು ನಿಜ. ಆದರೆ ಅದರ ಬಡ್ಡಿ, ಮಗುವಿಗೆ 18 ಆಗುವವರೆಗೆ, ಅಪ್ಪ ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಏಳು ಪರ್ಸೆಂಟಿನ ಲೆಕ್ಕದಲ್ಲಿ ವರ್ಷಕ್ಕೆ 35 ಸಾವಿರ. ಹಳೇ ಪದ್ಧತಿಯಲ್ಲಿ ಮಗುವೊಂದಕ್ಕೆ 1,500 ರೂಪಾಯಿ ಬಿಡುತ್ತಾರೆ, ಹೊಸದರಲ್ಲಿ ಅದೂ ಇಲ್ಲ. ಮಗು ಹಾಡಿಯೋ ನಟಿಸಿಯೋ ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಬೇರೆ ಮಾತು, ಅದು ಮಗುವಿನದೇ ಆದಾಯ. ಮಗುವಿನ ಹೆಸರಲ್ಲಿರುವ ಮ್ಯೂಚುವಲ್ ಫಂಡಿನ ಲಾಭ ಮಾತ್ರ ಎಫ್‌ಡಿ ಬಡ್ಡಿಯ ಹಾಗೇ ಅಪ್ಪ ಅಮ್ಮನ ಲೆಕ್ಕಕ್ಕೆ.

ಹುಡುಗನ ಹೆಸರಲ್ಲಿ ನಿಜವಾಗಿ ತೆರಿಗೆ ಇಲ್ಲದೆ ಬೆಳೆಯುವುದು ಪಿಪಿಎಫ್. ಅದಕ್ಕೂ ಒಂದು ಕೊಕ್ಕೆ ಇದೆ: ಅಪ್ಪ ತನ್ನ ಪಿಪಿಎಫ್‌ಗೂ ತಾನು ಗಾರ್ಡಿಯನ್ ಆಗಿರುವ ಮಗನ ಪಿಪಿಎಫ್‌ಗೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷವನ್ನಷ್ಟೇ ಕಟ್ಟಬಹುದು. ಎರಡು ಕಡೆ ಪೂರ್ತಿ ತುಂಬಿಸಿದವರಿಗೆ ಹೆಚ್ಚಿನ ದುಡ್ಡಿಗೆ ಬಡ್ಡಿ ಸಿಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಎನ್‌ಪಿಎಸ್ ವಾತ್ಸಲ್ಯದ ಬಗ್ಗೆಯೂ ಕೇಳುತ್ತಾರೆ. ಅದು ಮೂಲತಃ ಪಿಂಚಣಿ. ಕಾಲೇಜು ಫೀಸಿಗೆಂದು ಅದನ್ನು ನೆಚ್ಚಿಕೊಳ್ಳಬೇಡಿ ಎಂದೇ ನನ್ನ ಸಲಹೆ.

ಅಜ್ಜ ಅಜ್ಜಿ ಪ್ರೀತಿಯಿಂದ ತೆರೆದ ಸುಕನ್ಯಾ ಖಾತೆ ಇದ್ದರೆ ಒಮ್ಮೆ ನೋಡಿಕೊಳ್ಳಿ. ಅಂಥ ಖಾತೆಗಳಲ್ಲಿ ಗಾರ್ಡಿಯನ್ ಹೆಸರು ತಂದೆತಾಯಿಗೋ ಕಾನೂನುಬದ್ಧ ಪೋಷಕರಿಗೋ ಬದಲಾಗಬೇಕು ಎಂದು 2024ರ ಆಗಸ್ಟಿನಲ್ಲಿ ಹಣಕಾಸು ಇಲಾಖೆ ಸುತ್ತೋಲೆ ಹೊರಡಿಸಿದೆ. ಊರಿನ ಅಂಚೆ ಕಚೇರಿಯಲ್ಲಿರುವ ಖಾತೆಯನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲೂಬಹುದು, ಓಡಾಡಬೇಕಾದವರು ಮಾತ್ರ ನಾವೇ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆ ಎತ್ತಲು ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಈಗಿನ ಖಾತೆಗಳಿಗೆ ನಾವೇ ಏಜೆಂಟರು.

ಟೋಕಿಯೋ ಪ್ರಶ್ನೆಗೆ ಮತ್ತೆ ಬಂದೆವು. ಸುಕನ್ಯಾ ಭಾರತದಲ್ಲಿ ನೆಲೆಸಿರುವ ಹೆಣ್ಣುಮಕ್ಕಳ ಯೋಜನೆ. ಎನ್‌ಆರ್‌ಐ ಆದವರು ಹೊಸ ಪಿಪಿಎಫ್ ತೆರೆಯುವಂತಿಲ್ಲ. ಹಾಗಾಗಿ "ಮೊದಲು ಹೇಳಿ, ಹೋಗುವುದು ನೀನೊಬ್ಬನೋ, ಎಲ್ಲರೂ ಹೊರಟಿದ್ದೀರೋ?" ಅಂದೆ. ಗಂಡ ಒಬ್ಬನೇ ಹೋಗಿ, ತಾಯಿ ಮಕ್ಕಳು ಸ್ಕೂಲಿಗಾಗಿ ಇಂದಿರಾಪುರಂನಲ್ಲೇ ಉಳಿದರೆ ಮಗಳ ಖಾತೆ ಈಗಿನ ಹಾಗೇ ನಡೆಯುತ್ತದೆ. ಸಂಸಾರವೇ ಹೊರಟರೆ ಬ್ಯಾಂಕಿಗೆ ತಿಳಿಸಲೇಬೇಕು. ಸುಮ್ಮನೆ ಆನ್‌ಲೈನಿನಲ್ಲಿ ಕಟ್ಟುತ್ತಾ ಹೋಗೋಣ ಅನ್ನುವವರಿದ್ದಾರೆ, ಅದು ಸರಿಯಲ್ಲ. ಇನ್ನೊಂದು ಮಾತು: ಭಾರತ ತೆರಿಗೆ ಬಿಟ್ಟ ಮಾತ್ರಕ್ಕೆ ಜಪಾನೂ ಬಿಡಬೇಕೆಂದಿಲ್ಲ. ಕಳೆದ ಹತ್ತು ವರ್ಷದಲ್ಲಿ ಒಟ್ಟು ಐದು ವರ್ಷ ಮೀರದೆ ಅಲ್ಲಿದ್ದ ವಿದೇಶಿಯರ ಹೊರದೇಶದ ಬಡ್ಡಿ, ಜಪಾನಿಗೆ ತರಿಸಿಕೊಂಡರೆ ಮಾತ್ರ ಅಲ್ಲಿನ ಲೆಕ್ಕಕ್ಕೆ ಬರುತ್ತದೆ. ಐದು ದಾಟಿದರೆ ಪ್ರಪಂಚದ ಎಲ್ಲ ಆದಾಯವೂ ಅಲ್ಲಿಯ ಲೆಕ್ಕಕ್ಕೇ. ಮೂರು ವರ್ಷದ ಪೋಸ್ಟಿಂಗ್ ಆರಾದದ್ದನ್ನು ನಾನು ಕಂಡಿದ್ದೇನೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇನ್ನೂ ತೀರ್ಮಾನ ಆಗಿರಲಿಲ್ಲ ಅಂತ ಕಾಣುತ್ತದೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ವಿಮಾನದ ಟಿಕೆಟ್ ಬುಕ್ ಆದ ವಾರವೇ ಬ್ಯಾಂಕಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಪಾಸ್‌ಬುಕ್ಕಿನೊಳಗೆ ಇಟ್ಟುಕೊಳ್ಳಿ.