ಕುಲವೂ ಅಧಿಕಾರವೂ

ಕಾಯಕವಂತನ ಕುಲವನ್ನು ಕೇಳಲಾಗದೆಂಬುದು ಶರಣರ ನಿಲುವು. ಇದಕ್ಕೆ ತೀರ ವಿರುದ್ಧವಾದ ನಡೆಯನ್ನು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕಾಣಬಹುದು. ಪಾಲುದಾರರ ಲಾಭಕ್ಕಾಗಿ ಹುಟ್ಟಿದ ಆ ವ್ಯಾಪಾರಸಂಸ್ಥೆಯು 1817–18ರ ಪೇಶ್ವೆ ಯುದ್ಧದ ನೆರವಿಗೆ ಪ್ರತಿಯಾಗಿ ಚಿಕ್ಕೋಡಿ, ಮನೋಳಿ ಸೀಮೆಗಳನ್ನು ಕೊಲ್ಲಾಪುರದ ದೊರೆಗೆ ಕೊಟ್ಟಿತು. ಹತ್ತು ಹನ್ನೊಂದು ವರ್ಷಗಳೊಳಗೆ ಮರಳಿ ಕಿತ್ತುಕೊಂಡಿತು. ಒಕ್ಕಲು ಮಕ್ಕಳನ್ನು ಕೇಳಿದವರಾರು? ಊರೆಂಬುದೂ ಅದಕ್ಕೊಂದು ಸರಕೇ ಆಗಿದ್ದಿತು.

ಕಂಪನಿಗೆ ಕಂದಾಯವೆತ್ತಿದ ಕರಣಿಕರು ಈ ನೆಲದವರೇ. ಕಲೆಕ್ಟರನ ಪೀಠ ಮಾತ್ರ ಅವರಿಗೆ ನಿಷಿದ್ಧ. ಭಾರತೀಯರ ಮಕ್ಕಳನ್ನು ಸಿವಿಲ್, ಸೈನಿಕ, ನೌಕಾ ಸೇವೆಗಳಿಗೆ ತೆಗೆದುಕೊಳ್ಳಲಾಗದೆಂದು 1791ರಲ್ಲಿ ನಿರ್ದೇಶಕರು ಕಟ್ಟಳೆ ಮಾಡಿದ್ದರು. ತಂದೆ ಆಂಗ್ಲನಾದರೂ ತಾಯಿ ಈ ದೇಶದವಳಾದರೆ ಮಗನು ಹೊರಗೆ! ಹೆತ್ತವಳ ಮೈಬಣ್ಣವೇ ಅಲ್ಲಿ ಅನರ್ಹತೆಯಾಯಿತು.

1833ರ ಶಾಸನವು ಮತ, ಜನ್ಮಸ್ಥಳ, ವಂಶ, ವರ್ಣಗಳ ಕಾರಣದಿಂದ ಯಾರಿಗೂ ಉದ್ಯೋಗ ತಪ್ಪಬಾರದೆಂದು ವಿಧಿಸಿತು. ನುಡಿ ಉದಾರವಾದುದು, ನಡೆಯಾದರೋ ಬೇರೆ. ನೇಮಕದ ಹಕ್ಕು ನಿರ್ದೇಶಕರ ಕೈಯಲ್ಲೇ ಉಳಿದು, ಅದು ಅವರ ಬಂಧುಮಿತ್ರರ ಮಕ್ಕಳಿಗೆ ಸಂದಿತು. 1858ರಲ್ಲಿ ಕಂಪನಿಯ ಆಳ್ವಿಕೆ ಅಳಿಯುವವರೆಗೂ ಒಬ್ಬ ಭಾರತೀಯನೂ ಆ ಮೇಲಣ ಸಿವಿಲ್ ಸೇವೆಯನ್ನು ಸೇರಲಿಲ್ಲ. ಅಷ್ಟರಲ್ಲಿ, 1855ರಿಂದ, ನೇಮಕಕ್ಕೆ ಪರೀಕ್ಷೆಯೇನೋ ಬಂದಿದ್ದಿತು. ಅದನ್ನು ನಡೆಸುತ್ತಿದ್ದುದು ಲಂಡನ್ನಿನಲ್ಲಿ.