ನಾಲ್ಕು ಧ್ವನಿ, ಒಂದೇ ಸ್ತೋತ್ರ

ಓದತಕ್ಕ ವೇದಭಾಗಗಳು: ಕೊಲೊಸ್ಸೆಯವರಿಗೆ 3:12–17, ಆಮೋಸ 5:21–24.



ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಯಡಿಯೂರು ಒಂದು ಕಾಲಕ್ಕೆ ಕೆರೆಯ ಬಳಿಯಲ್ಲಿದ್ದ ಹಳ್ಳಿಯಾಗಿತ್ತು. 1948ರಲ್ಲಿ ಜಯನಗರದ ಬಡಾವಣೆಗೆ ಅಸ್ತಿವಾರ ಹಾಕಲ್ಪಟ್ಟ ತರುವಾಯ ಪಟ್ಟಣವು ಅದನ್ನು ಸುತ್ತಿಕೊಂಡಿತು; ಕೆರೆಯೂ ಹೆಸರೂ ಉಳಿದವು. ನಮ್ಮ ಹಳ್ಳಿಸಭೆಗಳಿಂದ ಜೀವನೋಪಾಯಕ್ಕಾಗಿ ಹೋದ ಕೆಲವು ಯೌವನಸ್ಥರು ಅಲ್ಲಿ ಬಾಡಿಗೆಯ ಕೋಣೆಯಲ್ಲಿ ವಾಸವಾಗಿದ್ದಾರೆ. ಅವರನ್ನು ಕಾಣಹೋದ ಒಂದು ಸಾಯಂಕಾಲ, ಅವರಲ್ಲೊಬ್ಬನು ತನ್ನ ಮೊಬೈಲಿನಲ್ಲಿ ಅಮೇರಿಕ ದೇಶದ ದಕ್ಷಿಣ ಸಂಸ್ಥಾನಗಳ ಹಳೆಯ ಸುವಾರ್ತಾಗೀತಗಳನ್ನು ನಮಗೆ ಕೇಳಿಸಿದನು. ಹಾಡಿದವರು ನಾಲ್ವರೇ ಗಂಡಸರು. ಜೊತೆಗೆ ಒಂದು ಪಿಯಾನೋ. ಹಾಡು ಮುಗಿದಾಗ ಅವನು, “ಅಯ್ಯನವರೇ, ಇದನ್ನು ಕೇಳಿದ ಮೇಲೆ ನಮ್ಮೂರ ಸಭೆಯ ಹಾಡು ಕಿವಿಗೆ ಹಿಡಿಸುವದಿಲ್ಲ. ಊರಿಗೆ ಹೋದಾಗ ನಾನು ಹಾಡುವದನ್ನೇ ಬಿಟ್ಟಿದ್ದೇನೆ” ಅಂದನು.

ಆ ಮಾತು ನಮ್ಮನ್ನು ನೋಯಿಸಿತು. ಯಾಕಂದರೆ ಆ ಹಾಡುಗಳು ಹುಟ್ಟಿದ್ದು ಯಾರನ್ನೂ ಮೌನಿಯಾಗಿ ಮಾಡುವದಕ್ಕಲ್ಲ. ಆದದರಿಂದ ಈ ತಿಂಗಳ ಪಾಠದಲ್ಲಿ ಅವುಗಳ ಮೂಲವನ್ನೂ, ಅವುಗಳನ್ನು ಕೇಳತಕ್ಕ ರೀತಿಯನ್ನೂ ವಿಚಾರಿಸೋಣ.

1. ಈ ಹಾಡುಗಳು ಹೇಗೆ ಉಂಟಾದವು

ಆ ಸೀಮೆಯ ಜನರು ಬಹುಮಟ್ಟಿಗೆ ಹತ್ತಿ, ಜೋಳ ಬೆಳೆಯುವ ಒಕ್ಕಲಿಗರು. ಅವರಿಗೆ ಸಂಗೀತ ಕಲಿಸುವದಕ್ಕಾಗಿ ಒಂದು ಸುಲಭೋಪಾಯವನ್ನು ಕಂಡುಹಿಡಿದರು. ನಾವು ಸ ರಿ ಗ ಮ ಪ ದ ನಿ ಎನ್ನುವಂತೆ ಅವರಿಗೂ ಏಳು ಸ್ವರಗಳುಂಟು. 1846ರಲ್ಲಿ ಜೆಸ್ಸಿ ಏಕಿನ್ ಎಂಬವರು ಒಂದೊಂದು ಸ್ವರಕ್ಕೆ ಒಂದೊಂದು ಆಕಾರವನ್ನು ಗೊತ್ತುಮಾಡಿ ಪುಸ್ತಕವನ್ನು ಅಚ್ಚುಹಾಕಿಸಿದರು. ಆಕಾರವನ್ನು ನೋಡಿದ ಕೂಡಲೆ ಸ್ವರವು ತಿಳಿಯುವದು. ಕೆಲಸದ ಬಿಡುವಿನಲ್ಲಿ ಕೆಲವು ದಿನಗಳ ಹಾಡುವ ಶಾಲೆ ನಡೆಯುವದು. ಅಲ್ಲಿ ಕಲಿತ ಒಕ್ಕಲಿಗನು ಭಾನುವಾರ ಸಭೆಯಲ್ಲಿ ತನ್ನ ಭಾಗವನ್ನು ತಾನೇ ನೋಡಿ ಹಾಡುವನು.

ಟೆನೆಸಿ ಸಂಸ್ಥಾನದ ಲಾರೆನ್ಸ್‌ಬರ್ಗ್ ಊರಿನ ಜೇಮ್ಸ್ ವಾನ್ ಎಂಬವರು ಇಂಥ ಹಾಡಿನ ಪುಸ್ತಕಗಳ ಪ್ರಕಾಶಕರಾಗಿದ್ದರು. 1910ರಲ್ಲಿ ಅವರು ನಾಲ್ವರು ಗಾಯಕರಿಗೆ ಸಂಬಳ ಕೊಟ್ಟು ಸಭೆಯಿಂದ ಸಭೆಗೆ ಕಳುಹಿಸಿದರು. ಪುಸ್ತಕವನ್ನು ಜನರು ಕೊಂಡುಕೊಂಡು ತಾವೇ ಹಾಡಲಿ ಎಂಬದೇ ಉದ್ದೇಶ. ಹೊಲಕ್ಕೆ ಬಿತ್ತನೆಯ ಬೀಜದ ಮಾದರಿಯನ್ನು ತೋರಿಸುವಂತೆ ಆ ನಾಲ್ವರು ಹಾಡಿ ತೋರಿಸಿದರು. ಬಳಿಕ ವಾನ್ ಅವರು ಗ್ರಾಮಫೋನ್ ತಟ್ಟೆಗಳನ್ನು ಹೊರಡಿಸಿ, 1922ರಲ್ಲಿ ರೇಡಿಯೋ ನಿಲಯವನ್ನೂ ಸ್ಥಾಪಿಸಿದರು. ಕ್ರಮೇಣ ಮಾದರಿಯೇ ಮುಖ್ಯವಾಗಿ, ಹಾಡುತ್ತಿದ್ದ ಜನರಲ್ಲಿ ಅನೇಕರು ಕೇಳುವವರಾಗಿ ಕುಳಿತರು. ಬೀಜದ ಮಾದರಿಯನ್ನು ಹೊಗಳುತ್ತಾ ಹೊಲವನ್ನು ಬೀಳುಬಿಟ್ಟ ಹಾಗಾಯಿತು. ಯಡಿಯೂರಿನ ಕೋಣೆಯಲ್ಲಿ ನಾವು ಕೇಳಿದ ಮಾತು ಇದೇ ರೋಗದ ಲಕ್ಷಣವಲ್ಲವೇ?

ಆ ಕಾಲದ ತಟ್ಟೆಗಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಅವು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷದ ಹಾಡು ಮಾತ್ರ ಹಿಡಿಯುವದು. ಅವುಗಳಿಗೆ ಬೇಕಾದ ಅರಗು ಬಹುಮಟ್ಟಿಗೆ ನಮ್ಮ ದೇಶದಿಂದಲೇ ಹೋಗುತ್ತಿತ್ತು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಮೇಲೆ ಸಣ್ಣ ಹುಳಗಳು ಮಾಡುವ ಅರಗನ್ನು ಬಡಜನರು ಕೆರೆದು ಮಾರುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವದೂ ಅರಗಿನಿಂದಲೇ. ದೂರದೇಶದ ಸ್ತೋತ್ರವನ್ನು ಹೊತ್ತದ್ದು ನಮ್ಮ ಬಡವರು ಕೂಡಿಸಿದ ಪದಾರ್ಥ. ದೇವರ ಮನೆಯಲ್ಲಿ ಯಾರ ಕೈಕೆಲಸವೂ ಹೀನವಾದದ್ದಲ್ಲ.

2. ನಾಲ್ಕು ಧ್ವನಿಗಳ ಪಾಠ

ನಾಲ್ವರಲ್ಲಿ ಒಬ್ಬನು ರಾಗವನ್ನು ನಡಿಸುವನು. ಅವನಿಗೆ ಲೀಡ್ ಎಂದು ಹೆಸರು. ಟೆನರ್ ಎಂಬವನು ಅವನಿಗಿಂತ ಮೇಲಿನ ಸ್ವರದಲ್ಲಿಯೂ, ಬ್ಯಾರಿಟೋನ್ ಎಂಬವನು ನಡುವಿನ ತೆರಪನ್ನು ತುಂಬುತ್ತಲೂ, ಬಾಸ್ ಎಂಬವನು ಎಲ್ಲರಿಗೂ ಕೆಳಗೆ ತಳಪಾಯದಂತೆಯೂ ಹಾಡುವರು. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ಒಂದೇ ರಾಗ ನಡೆಯುತ್ತದೆ. ಇಲ್ಲಿಯಾದರೋ ನಾಲ್ಕು ದಾರಿಗಳು ಒಟ್ಟಿಗೆ ಹೊರಟು ಒಂದೇ ಊರನ್ನು ಸೇರುತ್ತವೆ. ಕೋಲಾಟದಲ್ಲಿ ಒಬ್ಬೊಬ್ಬನು ಬೇರೆ ಬೇರೆಯಾಗಿ ಹೆಜ್ಜೆಯಿಟ್ಟರೂ ಕೋಲುಗಳು ಒಂದೇ ಗಳಿಗೆಯಲ್ಲಿ ಕೂಡುವ ಹಾಗೆಯೇ ಇದೂ.

ಇದು ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜರ್ಮನ್ ರಾಗಗಳನ್ನೂ ನಾಲ್ಕು ಧ್ವನಿಗಳ ಹಾಡಿಕೆಯನ್ನೂ ನಮ್ಮ ಸಭೆಗಳಿಗೆ ಕಲಿಸಿದರು. ಅದೇ ಮಿಶನಿನ ಕಿಟ್ಟೆಲ್ ಪಂಡಿತರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯರೀತಿಯಲ್ಲಿಯೇ ಹೇಳಿದರು. ಎರಡು ದಾರಿಗಳೂ ನಮಗೆ ಪಿತ್ರಾರ್ಜಿತವೇ.

ನಾವು ಆ ಯೌವನಸ್ಥನಿಗೆ, “ತಮ್ಮಾ, ಅದನ್ನು ಮತ್ತೊಮ್ಮೆ ಹಾಕು, ಈ ಸಾರಿ ಕೆಳಗಿನ ಧ್ವನಿಯನ್ನು ಮಾತ್ರ ಕೇಳು” ಎಂದೆವು. ಅವನು ಕಣ್ಣುಮುಚ್ಚಿ ಕೇಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಂದೆಯವರು ಹಿಂದಿನ ಸಾಲಿನಲ್ಲಿ ಕೂತು ಹೀಗೆಯೇ ಹಾಡುತ್ತಿದ್ದರು. ಅವರು ರಾಗ ತಪ್ಪುತ್ತಾರೆಂದು ನಾವು ಹುಡುಗರು ನಗುತ್ತಿದ್ದೆವು. ಅವರು ತೀರಿಹೋದ ಮೇಲೆ ಆ ಜಾಗದಲ್ಲಿ ಯಾರೂ ಹಾಡುವದಿಲ್ಲ” ಅಂದನು.

ಹಾಡನ್ನು ಕೇಳತಕ್ಕ ರೀತಿ ಇದೇ. ಮೊದಲು ರಾಗವನ್ನು ಕೇಳಿರಿ. ಆಮೇಲೆ ಯಾರೂ ಹೊಗಳದ ಧ್ವನಿಯನ್ನು ಹುಡುಕಿರಿ. ಕಡೆಗೆ ಒಬ್ಬನು ಮತ್ತೊಬ್ಬನಿಗಾಗಿ ತನ್ನ ಸ್ವರವನ್ನು ತಗ್ಗಿಸುವದನ್ನು ಗಮನಿಸಿರಿ. ಪೌಲನು ಕೊಲೊಸ್ಸೆಯವರಿಗೆ ಮೊದಲು ದೀನಭಾವವನ್ನೂ ತಾಳ್ಮೆಯನ್ನೂ ಧರಿಸಿಕೊಳ್ಳಬೇಕೆಂದು ಹೇಳಿ, ತರುವಾಯವೇ ಹಾಡುವ ವಿಷಯವನ್ನು ಎತ್ತಿದನೆಂಬದನ್ನು ಮರೆಯಬಾರದು.

3. ಎಚ್ಚರಿಕೆಯ ಮಾತು

ಆ ಗೀತಗಳಲ್ಲಿ ಅನೇಕವು ಪರಲೋಕದ ನಿರೀಕ್ಷೆಯನ್ನು ಹೇಳುತ್ತವೆ. ಹತ್ತಿ ಬಿಡಿಸಿ ಬೆನ್ನು ನೊಂದವರಿಗೆ ಆ ನಿರೀಕ್ಷೆಯು ಆದರಣೆಯಾಗಿತ್ತು. ಆದರೆ ಅದೇ ಸಂಸ್ಥಾನಗಳಲ್ಲಿ ಬಿಳಿಯರೂ ಕರಿಯರೂ ಒಂದೇ ರಕ್ಷಕನನ್ನು ಹಾಡುತ್ತಾ ಬೇರೆ ಬೇರೆ ದೇವಾಲಯಗಳಲ್ಲಿ ಕೂತರು. ವಾನ್ ಅವರ ಊರಿದ್ದ ಟೆನೆಸಿಯಲ್ಲಿಯೇ, ನ್ಯಾಶ್‌ವಿಲ್ ಪಟ್ಟಣದ ಫಿಸ್ಕ್ ವಿದ್ಯಾಶಾಲೆಯಿಂದ, ದಾಸತ್ವದಿಂದ ಬಿಡುಗಡೆಯಾದವರ ಮಕ್ಕಳು 1871ರಲ್ಲಿ ಹಾಡುತ್ತಾ ಹೊರಟಿದ್ದರು; ಫಿಸ್ಕಿನ ನಾಲ್ವರ ಹಾಡು 1909ರಲ್ಲಿಯೇ ತಟ್ಟೆಯಲ್ಲಿ ಮುದ್ರಿತವಾಯಿತು. ಆದರೂ ಅಮೇರಿಕದ ದಕ್ಷಿಣದಲ್ಲಿ ಬಹುಕಾಲ ಈ ಎರಡು ಜನಾಂಗದವರು ಒಂದೇ ಬೆಂಚಿನ ಮೇಲೆ ಕೂತು ಹಾಡಲಿಲ್ಲ. ಧ್ವನಿಗಳು ಕೂಡಿದವು, ಜನರು ಕೂಡಲಿಲ್ಲ.

ಅವರನ್ನು ತೀರ್ಪುಮಾಡುವದಕ್ಕೆ ಮುಂಚೆ ನಮ್ಮ ಸಭೆಯನ್ನು ನೋಡಿಕೊಳ್ಳೋಣ. ಹಳೆಯ ಕುಲದ ಹೆಸರಿನಲ್ಲಿ ಬೇರೆ ಸಾಲು, ಬೇರೆ ಲೋಟ ನಮ್ಮಲ್ಲಿ ಇನ್ನೂ ಉಳಿದಿರುವದಾದರೆ, ನಮ್ಮ ಹಾಡು ಎಷ್ಟು ಇಂಪಾಗಿದ್ದರೂ ದೇವರು ಅದನ್ನು ಕೇಳುವನೇ? ನ್ಯಾಯವು ಹರಿಯದ ಕಡೆ ಗೀತವು ಬರೀ ಗದ್ದಲವೆಂದು ಆಮೋಸನು ಹೇಳುತ್ತಾನೆ.

4. ಸಭೆಯಲ್ಲಿ ಮಾಡತಕ್ಕದ್ದು

ಮುದ್ರಿತವಾದ ಹಾಡನ್ನು ಕೇಳುವದು ತಪ್ಪಲ್ಲ. ಆದರೆ ಆರಾಧನೆಯಲ್ಲಿ ಯಂತ್ರವು ಹಾಡಿ ಸಭೆಯು ಸುಮ್ಮನಿರುವದು ತಪ್ಪು. ವಾರಕ್ಕೊಂದು ಸಾಯಂಕಾಲ ಕೂಡಿಬಂದು, ನಿಮಗೆ ತಿಳಿದಿರುವ ಒಂದು ಕನ್ನಡ ಗೀತವನ್ನು ಆರಿಸಿಕೊಳ್ಳಿರಿ. ಮೊದಲು ಎಲ್ಲರೂ ರಾಗವನ್ನು ಸರಿಯಾಗಿ ಕಲಿಯಲಿ. ವೃದ್ಧರಲ್ಲಿ ಹಳೆಯ ಧ್ವನಿಭಾಗಗಳನ್ನು ಬಲ್ಲವರಿದ್ದರೆ ಅವರಿಂದ ಈಗಲೇ ಕಲಿತುಕೊಳ್ಳಿರಿ. ಅವರು ಹೋದ ಮೇಲೆ ಕೇಳುವದಕ್ಕಾಗದು. ಮೊಬೈಲು ಇರುವವರು ಅವರ ಧ್ವನಿಯನ್ನು ಅದರಲ್ಲಿ ಹಿಡಿದಿಡಲಿ.

ಆ ಯೌವನಸ್ಥನು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವೆನೆಂದು ನಮಗೆ ಹೇಳಿದ್ದಾನೆ. ಅವನಿಗೋಸ್ಕರ ಪ್ರಾರ್ಥಿಸಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ಹಾಡುವದನ್ನು ಬಿಟ್ಟವರು ಯಾರು? ಅದಕ್ಕೆ ಕಾರಣವೇನು?
2. ಯಾರೂ ಗಮನಿಸದೆ ಸಭೆಯನ್ನು ಹೊತ್ತುಕೊಂಡಿರುವ ಕೆಳಗಿನ ಧ್ವನಿ ಯಾರದು?
3. ಒಟ್ಟಿಗೆ ಹಾಡುವ ನಾವು ಒಟ್ಟಿಗೆ ಊಟಮಾಡುತ್ತೇವೋ?

ಕರ್ತನು ನಮ್ಮ ಬಾಯನ್ನು ತೆರೆದು, ಹೃದಯಗಳನ್ನು ಒಂದಾಗಿ ಕೂಡಿಸಲಿ. ಆಮೆನ್.