ಕಾರ್ಡ್ ಕೀಳುವ ಮುನ್ನ

ಪುಟ್ಟೀ, ಅಜ್ಜಿ ಹಾಡಿದ ಸೋಬಾನೆ ಪದಗಳನ್ನೆಲ್ಲ 64 ಜಿಬಿ ಎಸ್‌ಡಿ ಕಾರ್ಡಿಗೆ ತುಂಬಿ, ಅದಕ್ಕೆ ಝಡ್‌ಎಫ್‌ಎಸ್ ಹಾಕಿದ್ದೀನಿ ಎಂದು ನೀನು ಹೇಳಿದಾಗ ಹಿಗ್ಗಿಹೋದೆ. ಆದರೆ ಫೋನ್ ಇಡುವಾಗ, ‘ಕಾರ್ಡ್ ಕಿತ್ತು ಬೇರೆ ಲ್ಯಾಪ್‌ಟಾಪಿಗೆ ಹಾಕಿದೆ, ಬರಲೇ ಇಲ್ಲ ದೊಡ್ಡಪ್ಪ’ ಎಂದೆಯಲ್ಲ, ಆ ಮಾತು ರಾತ್ರಿಯಿಡೀ ಕೊರೆಯಿತು.

2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರಬಿಟ್ಟ ಈ ಫೈಲ್‌ಸಿಸ್ಟಮ್, ಡಿಸ್ಕು ಕೂತ ಜಾಗ ಬಿಟ್ಟು ಏಳುವುದಿಲ್ಲ ಎಂದು ನಂಬಿ ಕೆಲಸ ಮಾಡುತ್ತದೆ. ನೀನು ಬರೆದದ್ದನ್ನು ಮೆಮೊರಿಯಲ್ಲಿ ಕೂಡಿಟ್ಟು, ಸುಮಾರು 5 ಸೆಕೆಂಡಿಗೊಂದು ಕಂತಿನಂತೆ ಕಾರ್ಡಿಗೆ ಇಳಿಸುತ್ತದೆ. ಒಮ್ಮೆ ನಾನು, ರೀಡರಿನ ಲೈಟು ಮಿನುಗುವುದು ನಿಂತಿತಲ್ಲ ಎಂದು ಕಾರ್ಡ್ ಎಳೆದುಬಿಟ್ಟೆ. ಪೂಲ್, ಅಂದರೆ ಕಾರ್ಡಿನ ಮೇಲೆ ಝಡ್‌ಎಫ್‌ಎಸ್ ಕಟ್ಟಿದ ಸಂಗ್ರಹ, ಸಸ್ಪೆಂಡ್ ಆಯಿತು. ಎಲ್‌ಎಸ್ ಎಂದು ಒತ್ತಿದರೆ ಕರ್ಸರ್ ಮಿಟುಕಿಸುತ್ತ ಕೂತಿತು, ಕಂಟ್ರೋಲ್-ಸಿಗೂ ಜಗ್ಗಲಿಲ್ಲ. ಕಾರ್ಡನ್ನು ಮತ್ತೆ ಸಿಕ್ಕಿಸಿದರೂ ಅಷ್ಟೇ. ರೀಬೂಟ್ ಮಾಡಿದ ಮೇಲೇ ಎದ್ದಿತು. ಇದ್ದ ಬ್ಲಾಕನ್ನು ಅಳಿಸಿ ತಿದ್ದದೆ ಹೊಸ ಜಾಗದಲ್ಲಿ ಬರೆಯುವುದು ಅದರ ಗುಣ, ಹಾಗಾಗಿ ಹಳೆಯ ಫೈಲುಗಳು ಉಳಿದವು. ಆಗತಾನೆ ಬರೆದದ್ದು ಹೋಯಿತು.

ಅನ್‌ಮೌಂಟ್ ಮಾಡಿದರೆ ಸಾಲದು ಕಣೇ. ಅನ್‌ಮೌಂಟ್ ಆದರೂ ಪೂಲ್ ಆ ಯಂತ್ರದ ಕೈಯಲ್ಲೇ ಇರುತ್ತದೆ. ಝಡ್‌ಪೂಲ್ ಎಕ್ಸ್‌ಪೋರ್ಟ್ ಕೊಡು, ಪ್ರಾಂಪ್ಟ್ ವಾಪಸ್ ಬರುವ ತನಕ ಕಾಯಿ, ಆಮೇಲೆ ಕೀಳು. ಆಗ ಇನ್ನೊಂದು ಯಂತ್ರದಲ್ಲಿ ಇಂಪೋರ್ಟ್ ಸಲೀಸು. ಹಾಗೆ ಮಾಡದಿದ್ದರೆ, ‘ಇದನ್ನು ಬೇರೆ ಸಿಸ್ಟಮ್ ಬಳಸುತ್ತಿರಬಹುದು’ ಎಂದು ಅದು ತಡೆಯುತ್ತದೆ. ನಿನಗೆ ಆದದ್ದೂ ಇದೇ ಇರಬೇಕು.

ಇನ್ನೊಂದು ಮಾತು, ನನಗೆ ಇದರದೇ ಹೆಚ್ಚು ಚಿಂತೆ. ಚೆಕ್‌ಸಮ್ ಇದೆ, ಸ್ಕ್ರಬ್ ಓಡಿಸುತ್ತೀನಿ ಎಂದು ಧೈರ್ಯವಾಗಿರಬೇಡ. ಒಂದೇ ಕಾರ್ಡಿನಲ್ಲಿ ಹಾಡು ಕೆಟ್ಟರೆ, ಯಾವ ಫೈಲು ಕೆಟ್ಟಿತೆಂದು ಸ್ಕ್ರಬ್ ನಿಷ್ಠೆಯಿಂದ ಹೇಳುತ್ತದೆ. ಹಾಡನ್ನು ತಂದುಕೊಡಲು ಅದರ ಬಳಿ ಇನ್ನೊಂದು ಪ್ರತಿ ಇರುವುದಿಲ್ಲ. ಕಾಪೀಸ್ 2 ಎಂದು ಇಟ್ಟರೆ ಅಲ್ಲಿಂದ ಮುಂದೆ ಬರೆದದ್ದಕ್ಕೆ ಎರಡು ಪ್ರತಿ ಸಿಗುತ್ತದೆ. ಆದರೆ ಕಾರ್ಡಿನ ಒಳಗಿನ ಕಂಟ್ರೋಲರ್ರೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ.

ಭಾನುವಾರ ಊರಿಗೆ ಬರುವಾಗ ಕಾರ್ಡ್ ತಾ, ಎಕ್ಸ್‌ಪೋರ್ಟ್ ಮಾಡಿಯೇ ತಾ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಾಡಿಟ್ಟಿದ್ದೀನಿ. ಸ್ನ್ಯಾಪ್‌ಶಾಟ್ ತೆಗೆದು ಝಡ್‌ಎಫ್‌ಎಸ್ ಸೆಂಡ್‌ನಲ್ಲಿ ಅದಕ್ಕೆ ಇಳಿಸೋಣ. ಹಸೆಗೆ ಕರೆಯುವ ಪದ ಇನ್ನೂ ಹಾಡಿಲ್ಲ ಎಂದು ಅಜ್ಜಿ ನಿನ್ನನ್ನೇ ಕೇಳುತ್ತಿದ್ದಾಳೆ.